ಮಗುಗೆ ಜ್ವರ ಬಿಡ್ತಾನೇ ಇಲ್ವಾ? ಥರ್ಮಾಮೀಟರ್ ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು ಇಟ್ಕೊಳ್ಳಿ

ಹೋದ ಮಳೆಗಾಲದಲ್ಲಿ ನನ್ನ ಮಗನಿಗೆ ಎಂಟು ತಿಂಗಳು, ಜ್ವರ ಬಂತು, ಬಂದಿದ್ದು ಹೋಗ್ಲೇ ಇಲ್ಲ. ಕ್ಲಿನಿಕ್ಕಲ್ಲಿ ಡಾಕ್ಟ್ರು ಕೇಳಿದ ಮೊದಲ್ನೇ ಪ್ರಶ್ನೆ, "ಇವತ್ತಿಗೆ ಎಷ್ಟನೇ ದಿನಮ್ಮ?" ನಾನು ನಾಲ್ಕು ಅಂದೆ, ನಮ್ಮನೆಯವ್ರು ಮೂರು ಅಂದ್ರು, ಹಿಂದಿನಿಂದ ಅತ್ತೆ "ಇಲ್ಲ ಇಲ್ಲ, ಭಾನುವಾರ ನಾಮಕರಣದಿಂದ ಬಂದಾಗ್ಲೇ ಮೈ ಬೆಚ್ಚಗಿತ್ತು, ನಾನು ಆಗ್ಲೇ ಹೇಳಿದ್ನಲ್ಲ" ಅಂದ್ರು. ಡಾಕ್ಟ್ರು ಪೆನ್ನು ಕೆಳಗಿಟ್ಟು ನಮ್ಮ ಮೂರೂ ಜನದ ಮುಖ ನೋಡಿದ್ರು. ಆಮೇಲೆ ಗೊತ್ತಾಯ್ತು ಅವ್ರು ಯಾಕೆ ಅದನ್ನೇ ಕೆದಕ್ತಿದ್ರು ಅಂತ. ಎರಡನೇ ದಿನದ ಜ್ವರಕ್ಕೂ ಐದನೇ ದಿನದ ಜ್ವರಕ್ಕೂ ಯೋಚನೆ ಮಾಡೋ ದಾರಿನೇ ಬೇರೆ, ಮಾಡ್ಸೋ ಟೆಸ್ಟೂ ಬೇರೆ. ನಾವು 103 ಬಂತಾ 104 ಬಂತಾ ಅಂತ ತಲೆ ಕೆಡಿಸ್ಕೊಂಡು ಕೂತಿರ್ತೀವಿ, ಅವ್ರಿಗೆ ಬೇಕಾಗಿರೋದು ಎಷ್ಟನೇ ದಿನ, ಮತ್ತೆ ಜ್ವರ ಇಳಿದಿದ್ದಾಗ ಮಗು ಹೇಗಿತ್ತು ಅನ್ನೋದು.

ನಾನು ಡಾಕ್ಟರ್ ಅಲ್ಲ, ಇದನ್ನ ಓದಿ ಡಾಕ್ಟ್ರ ಹತ್ರ ಹೋಗೋದನ್ನ ತಪ್ಪಿಸ್ಬೇಡಿ. ಮಧ್ಯರಾತ್ರಿ ಮಗು ಮೈ ಸುಡ್ತಿರುವಾಗ ಯಾವುದು ಮೊದಲು ಯಾವುದು ಆಮೇಲೆ ಅಂತ ತೋಚೋದಿಲ್ಲ, ಅದಕ್ಕೆ ಬರ್ದಿದೀನಿ.

ಎಲ್ಲಕ್ಕಿಂತ ಮೊದ್ಲು ವಯಸ್ಸು ನೋಡಿ

ಮಗುಗೆ ಮೂರು ತಿಂಗಳು ತುಂಬಿಲ್ವಾ? ಹಾಗಾದ್ರೆ ಮುಂದಿನದ್ದೆಲ್ಲ ಆಮೇಲೆ ಓದ್ಕೊಳ್ಳಿ. 100.4 ಡಿಗ್ರಿ, ಅಂದ್ರೆ 38 ಸೆಲ್ಸಿಯಸ್ ಮುಟ್ಟಿದ್ರೆ ರಾತ್ರಿ ಎರಡು ಗಂಟೆ ಆದ್ರೂ ಸರಿ ಆಸ್ಪತ್ರೆಗೆ ಹೊರಡ್ಬೇಕು, ಬೆಳಗ್ಗೆ ನೋಡೋಣ ಅನ್ನೋ ಹಾಗಿಲ್ಲ. ಇಷ್ಟು ಸಣ್ಣ ಕೂಸುಗಳಲ್ಲಿ ರಕ್ತದ ಸೋಂಕು, ಮೆದುಳು ಜ್ವರ ಇದ್ರೂ ಹೊರಗಡೆ ಜ್ವರ ಬಿಟ್ರೆ ಬೇರೇನೂ ಕಾಣ್ಸದೇ ಇರ್ಬಹುದು. ಕಂಕುಳಲ್ಲಿ 99.5 ದಾಟಿದ್ರೂ ಫೋನ್ ಮಾಡಿ ಕೇಳಿ. ಡಾಕ್ಟ್ರು ಹೇಳದೆ ಪ್ಯಾರಾಸಿಟಮಾಲ್ ಹಾಕ್ಬೇಡಿ. ಆರು ವಾರದ ಇಂಜೆಕ್ಷನ್ ಹಾಕ್ಸಿದ ಮರುದಿನದ ಜ್ವರ ಆದ್ರೂ ನೀವೇ ತೀರ್ಮಾನ ಮಾಡ್ಬೇಡಿ, ಅದನ್ನ ಅವ್ರು ಹೇಳ್ಲಿ. ಇನ್ನೊಂದು, ಬಾಣಂತಿ ಕೋಣೆಯಲ್ಲಿರೋ ಕೂಸು ಬಿಸಿಯಾಗೋ ಬದ್ಲು ತಣ್ಣಗಾಗಿ ಹಾಲು ಬಿಟ್ಟು ಸುಮ್ನೆ ಮಲಗಿಬಿಟ್ರೆ ಅದೂ ಅಷ್ಟೇ ಗಂಭೀರ.

ಮೂರರಿಂದ ಆರು ತಿಂಗಳಾದ್ರೆ 102 ಮುಟ್ಟಿದ ದಿನವೇ ತೋರಿಸಿ. ಆರು ತಿಂಗಳು ದಾಟಿ, ಮಗು ನಡುನಡುವೆ ನಗ್ತಾ ಹಾಲು ಕುಡೀತಾ ಇದ್ರೆ ಮಾತ್ರ ಮೊದಲ ಒಂದೆರಡು ದಿನ ಮನೇಲಿ ನೋಡ್ಕೊಳ್ಳೋಕೆ ಅವಕಾಶ ಇರತ್ತೆ.

ಅಳೆಯೋದು

ಹಣೆ ಮುಟ್ಟಿ ನೋಡಿದ್ರೆ ಆಗಲ್ಲ. ನಮ್ಮತ್ತೆ ಕೈ ಹಿಂಭಾಗ ಇಟ್ಟು "ನೂರೊಂದು" ಅಂತಾರೆ, ಒಂದೊಂದ್ಸಲ ಸರಿಯಾಗೂ ಇರತ್ತೆ, ಅದು ಬೇರೆ ಮಾತು. ಮೆಡಿಕಲ್ ಸ್ಟೋರಲ್ಲಿ ಸಿಗೋ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು. ಪಾದರಸದ ಹಳೇ ಗಾಜಿನದ್ದಿದ್ರೆ ಮಗು ಇರೋ ಮನೇಲಿ ಬೇಡ. ಕೋವಿಡ್ ಟೈಮಲ್ಲಿ ಎಲ್ರೂ ತಗೊಂಡ ಹಣೆಗೆ ಹಿಡಿಯೋ ಗನ್ನು ಅಷ್ಟು ನಂಬೋಕಾಗಲ್ಲ. ಕಂಕುಳ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗೋ ಹಾಗಿಟ್ಟು, ಕೈ ಮಡಚಿ ಎದೆಗೆ ಒತ್ತಿ ಹಿಡ್ಕೊಳ್ಳಿ, ಬೀಪ್ ಬರೋವರ್ಗೂ. 99.5 ದಾಟಿದ್ರೆ ಜ್ವರ ಅಂತ ಲೆಕ್ಕ. ಬಿಸಿನೀರು ಸ್ನಾನ ಆದ ತಕ್ಷಣ, ಕಂಬಳಿಯೊಳಗಿಂದ ಎತ್ತಿದ ತಕ್ಷಣ ನೋಡ್ಬೇಡಿ, ಸುಳ್ಳು ಹೇಳತ್ತೆ, ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಐದೈದು ನಿಮಿಷಕ್ಕೆ ನೋಡ್ತಾ ಕೂರೋದೂ ಬೇಡ, ನಾನು ಅದನ್ನೇ ಮಾಡಿ ಒಂದು ರಾತ್ರಿ ಪೂರ್ತಿ ಮಗುಗೂ ನಿದ್ದೆ ಇಲ್ಲ ನಂಗೂ ಇಲ್ಲ.

ಹಾಳೆ

ಮಗನ ಜ್ವರದ ಹಾಳೆನ ನಾವು ಫ್ರಿಜ್ ಬಾಗಿಲಿಗೆ ಅಂಟಿಸಿದ್ವಿ. ಮೊಬೈಲಲ್ಲಿ ಬರ್ಕೊಂಡ್ರೆ ಅದು ಒಬ್ರ ಹತ್ರ ಮಾತ್ರ ಇರತ್ತೆ, ಬಾಗಿಲ ಮೇಲಿದ್ರೆ ಮನೆಯೋರೆಲ್ಲ ನೋಡ್ತಾರೆ, ಬರೀತಾರೆ. ಜ್ವರ ಶುರುವಾದ ದಿನ ಒಂದನೇ ದಿನ. ಆಮೇಲೆ ಟೈಮು, ಎಷ್ಟು ಡಿಗ್ರಿ, ಯಾವ ಔಷಧಿ ಎಷ್ಟು ಎಂ.ಎಲ್., ಯಾರು ಹಾಕಿದ್ದು. ಎಷ್ಟು ಸಲ ಉಚ್ಚೆ ಹೋಯ್ತು, ವಾಂತಿ ಭೇದಿ ಏನಾದ್ರೂ ಇತ್ತಾ, ಎಷ್ಟು ಕುಡೀತು. ಜ್ವರ ಇಳಿದಾಗ ಆಟ ಆಡ್ತಾ ಅಥವಾ ಆಗ್ಲೂ ಸಪ್ಪಗೇ ಇತ್ತಾ ಅಂತ ಒಂದು ಪದ. ಇದೊಂದು ಪದ ಇದ್ಯಲ್ಲ, 103ರಲ್ಲಿ ಯಾವ ಮಗು ಆದ್ರೂ ಮುದುಡ್ಕೊಂಡಿರತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ, ಔಷಧಿ ಕೆಲಸ ಮಾಡಿ 100ಕ್ಕೆ ಇಳಿದ್ಮೇಲೂ ಕಣ್ಣು ಬಿಟ್ಟು ನೋಡ್ದೆ ಹೆಗಲ ಮೇಲೆ ಜೋತು ಬಿದ್ದಿದ್ರೆ ಅದು ಬೇರೆ ಕಥೆ, ಕಾಯ್ಬೇಡಿ.

"ಯಾರು ಹಾಕಿದ್ದು" ಅಂತ ಯಾಕೆ ಅಂದ್ರೆ, ನಾನು ಆರು ಗಂಟೆಗೆ ಔಷಧಿ ಹಾಕಿ ಸ್ನಾನಕ್ಕೆ ಹೋದೆ, ಏಳು ಗಂಟೆಗೆ ಅತ್ತೆ "ಪಾಪ ಮರ್ತಿರ್ತಾಳೆ" ಅಂತ ಇನ್ನೊಂದ್ಸಲ ಹಾಕೋದ್ರಲ್ಲಿದ್ರು, ಡ್ರಾಪರ್ ಮಗು ಬಾಯಿ ಹತ್ರ ಹೋಗಿತ್ತು.

ಔಷಧಿ ಲೆಕ್ಕ, ಇಲ್ಲೇ ಜಾಸ್ತಿ ತಪ್ಪಾಗೋದು

ಪ್ಯಾರಾಸಿಟಮಾಲ್ ಡೋಸು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎಂಟು ಕೆಜಿ ಮಗು ಅಂದ್ರೆ ಹೆಚ್ಚಂದ್ರೆ 120 ಮಿಲಿಗ್ರಾಂ. ಇಲ್ಲೀವರ್ಗೂ ಸುಲಭ. ತೊಂದ್ರೆ ಬಾಟಲಿಯಲ್ಲಿದೆ. ಡ್ರಾಪ್ಸ್ ಅಂತ ಬರೋ ಪುಟಾಣಿ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ನಲ್ಲೇ 100 ಮಿಲಿಗ್ರಾಂ ಇರತ್ತೆ, ಸಿರಪ್ಪಲ್ಲಿ 5 ಎಂ.ಎಲ್.ಗೆ 120 ಅಥವಾ 125, ಇನ್ನೊಂದು ಸಿರಪ್ಪಲ್ಲಿ 5 ಎಂ.ಎಲ್.ಗೆ 250. ಅದೇ ಎಂಟು ಕೆಜಿ ಮಗುಗೆ ಡ್ರಾಪ್ಸ್ ಆದ್ರೆ 1.2 ಎಂ.ಎಲ್., 120ರ ಸಿರಪ್ ಆದ್ರೆ 5 ಎಂ.ಎಲ್., 250ರದ್ದಾದ್ರೆ 2.4 ಎಂ.ಎಲ್. ಹೆಸ್ರು ಒಂದೇ, ಡಬ್ಬದ ಬಣ್ಣನೂ ಹೆಚ್ಚುಕಮ್ಮಿ ಒಂದೇ. ಡ್ರಾಪ್ಸನ್ನ ಸಿರಪ್ ಅಂದ್ಕೊಂಡು 5 ಎಂ.ಎಲ್. ಹಾಕ್ಬಿಟ್ರೆ 500 ಮಿಲಿಗ್ರಾಂ ಹೋಯ್ತು, ನಾಲ್ಕು ಪಟ್ಟು, ಲಿವರ್‌ಗೆ ಅಪಾಯ. ಅದಕ್ಕೆ ಪಕ್ಕದ ಮನೆಯೋರು "ನಮ್ಮ ಪಾಪುಗೆ ಐದು ಎಂ.ಎಲ್. ಹಾಕ್ತಿದ್ವಿ" ಅಂದ್ರೆ ಕೇಳ್ಬೇಡಿ, ಈಗಿನ ತೂಕ ನೋಡಿ, ನಿಮ್ಮ ಕೈಲಿರೋ ಬಾಟಲಿ ಹೆಸ್ರು ಓದಿ ಡಾಕ್ಟ್ರ ಹತ್ರ ಎಂ.ಎಲ್. ಲೆಕ್ಕ ಬರೆಸ್ಕೊಳ್ಳಿ, ಬಾಟಲಿ ಮೇಲೇ ಮಾರ್ಕರಲ್ಲಿ ಬರ್ದಿಡಿ.

ಅಳೆಯೋಕೆ ಬಾಟಲಿ ಜೊತೆ ಬಂದ ಡ್ರಾಪರ್ ಇಲ್ಲ ಸೂಜಿ ಇಲ್ಲದ ಸಿರಿಂಜ್. ಒಳಲೆ, ಟೀ ಸ್ಪೂನ್ ಬೇಡ. ಎರಡು ಡೋಸ್ ಮಧ್ಯೆ ನಾಲ್ಕರಿಂದ ಆರು ಗಂಟೆ, ಇಪ್ಪತ್ನಾಲ್ಕು ಗಂಟೇಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಹಾಕಿದ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು ಕೆಲಸ ಮಾಡೋಕೆ, ಮಾಡಿದ್ರೂ ಒಂದೆರಡು ಡಿಗ್ರಿ ಇಳಿಯತ್ತೆ ಅಷ್ಟೇ, 103 ಇದ್ದಿದ್ದು 101ಕ್ಕೆ ಬಂದ್ರೆ ಔಷಧಿ ಕೆಲಸ ಮಾಡ್ತಿದೆ ಅಂತಾನೇ ಅರ್ಥ. ನಾಲ್ಕೈದು ಗಂಟೆ ಆದ್ಮೇಲೆ ಮತ್ತೆ ಏರತ್ತೆ, ಅದೂ ಮಾಮೂಲಿ. ಔಷಧಿ ಜ್ವರದ ಕಾರಣನ ತೆಗೆಯಲ್ಲ, ಮಗುಗೆ ಒಂಚೂರು ಆರಾಮ ಕೊಡತ್ತೆ, ಕುಡಿಯೋಕೆ ಮಲಗೋಕೆ ಅನುಕೂಲ ಆಗತ್ತೆ. ಆದ್ದರಿಂದ ನಿದ್ದೆ ಮಾಡ್ತಿರೋ ಮಗುನ ಎಬ್ಬಿಸಿ ಹಾಕೋ ಅಗತ್ಯ ಇಲ್ಲ.

ಬೇರೆ ಔಷಧಿಗಳ ವಿಷ್ಯ. ಐಬುಪ್ರೊಫೇನ್ ಆರು ತಿಂಗಳೊಳಗೆ ಬೇಡ, ಡೆಂಗ್ಯೂ ಇರ್ಬಹುದು ಅನ್ನೋ ಅನುಮಾನ ಇದ್ರಂತೂ ಯಾವ ವಯಸ್ಸಿಗೂ ಬೇಡ, ಬೆಂಗಳೂರಲ್ಲಿ ಜೂನ್‌ನಿಂದ ಅಕ್ಟೋಬರ್, ನವೆಂಬರ್‌ವರೆಗೂ ಆ ಅನುಮಾನ ಇದ್ದೇ ಇರತ್ತೆ. ಮೆಫೆನಾಮಿಕ್ ಆಸಿಡ್ ಇರೋ ಸಿರಪ್‌ನ ಅಂಗಡಿಯವ್ರು "ಇದು ಬೇಗ ಇಳಿಸತ್ತೆ ಮೇಡಂ" ಅಂತ ಕೊಡ್ತಾರೆ, ಡಾಕ್ಟ್ರು ಬರೀದೆ ತರ್ಬೇಡಿ. ನಿಮೆಸುಲೈಡ್ ಅನ್ನೋ ಜ್ವರ ನೋವಿನ ಔಷಧಿ 12 ವರ್ಷದೊಳಗಿನ ಮಕ್ಕಳಿಗೆ 2011ರಿಂದಲೇ ನಮ್ಮ ದೇಶದಲ್ಲಿ ನಿಷೇಧ. ಆಸ್ಪಿರಿನ್ ಹತ್ರಕ್ಕೂ ತರ್ಬೇಡಿ. ದೊಡ್ಡೋರ ಡೋಲೋ 650 ಮುರಿದು ನೀರಲ್ಲಿ ಕದಡಿ ಕುಡಿಸೋದು, ನಮ್ಮೂರಿನ ಕಂಪನಿ ಮಾತ್ರೆ ಅಂತ ಎಷ್ಟೇ ಅಭಿಮಾನ ಇದ್ರೂ, ಬೇಡ. ಕೆಮ್ಮು ಶೀತದ ಸಿರಪ್ ಎರಡು ವರ್ಷದೊಳಗೆ ಕೊಡ್ಬಾರ್ದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯೇ ಹೇಳಿದೆ, ಅದೂ ಅಲ್ದೆ ಅಂಥ ಕೆಲವು ಸಿರಪ್ಪಲ್ಲಿ ಪ್ಯಾರಾಸಿಟಮಾಲೂ ಸೇರಿರತ್ತೆ, ಗೊತ್ತಿಲ್ದೆ ಡಬಲ್ ಡೋಸ್ ಆಗೋಗತ್ತೆ.

ಮನೇಲಿ ಏನ್ ಮಾಡ್ಬೇಕು, ಅಜ್ಜಿಯರಿಗೆ ಏನ್ ಹೇಳ್ಬೇಕು

ತೆಳ್ಳಗಿನ ಕಾಟನ್ ಬಟ್ಟೆ ಒಂದು ಪದರ. ನಮ್ಮೂರಲ್ಲಿ ಒಂಚೂರು ಮೋಡ ಆದ್ರೆ ಸಾಕು ಕುಲಾವಿ, ಸ್ವೆಟರ್, ಸಾಕ್ಸು, ಅದ್ರ ಮೇಲೆ ಕಂಬಳಿ, ಕಿಟಕಿ ಬಂದ್. ಜ್ವರ ಇರೋ ಮಗುಗೆ ಹೀಗೆ ಸುತ್ತಿದ್ರೆ ಬಿಸಿ ಹೊರಗೆ ಹೋಗೋಕೆ ದಾರಿನೇ ಇರಲ್ಲ. ಚಳಿ ಬಂದು ನಡುಗ್ತಿದ್ರೆ ಒಂದು ಹೊದಿಕೆ, ನಡುಕ ನಿಂತ್ಮೇಲೆ ತೆಗೀರಿ. ಫ್ಯಾನ್ ಸಣ್ಣಗೆ ಇರ್ಲಿ.

ಒದ್ದೆ ಬಟ್ಟೆ ಪಟ್ಟಿ ಹಾಕಲೇಬೇಕು ಅಂತೇನಿಲ್ಲ. ಹಾಕೋದಾದ್ರೆ ಉಗುರು ಬೆಚ್ಚಗಿನ ನೀರು. ತಣ್ಣೀರು, ಐಸ್, ಸ್ಪಿರಿಟ್, ಕೊಲೋನ್ ಇದ್ಯಾವುದೂ ಬೇಡ, ಮಗು ನಡುಗಿದ್ರೆ ಒಳಗಿನ ಬಿಸಿ ಇನ್ನೂ ಏರತ್ತೆ. ಅತ್ತುಬಿಟ್ರೆ ನಿಲ್ಲಿಸಿ.

ಕುಡಿಸೋದು ದೊಡ್ಡ ಕೆಲಸ. ಆರು ತಿಂಗಳೊಳಗಿದ್ರೆ ಎದೆಹಾಲೇ, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಮೇಲಿನ ಮಕ್ಕಳಿಗೆ ಹಾಲಿನ ಜೊತೆ ಗಂಜಿ ತಿಳಿ, ಬೇಳೆ ಕಟ್ಟು, ತೆಳ್ಳಗಿನ ರಾಗಿ ಸರಿ. ವಾಂತಿ ಭೇದಿ ಇದ್ರೆ ಓಆರ್‌ಎಸ್, ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತಿದ್ಯೋ ಅಷ್ಟೇ ನೀರು, ಅರ್ಧ ಪ್ಯಾಕೆಟ್ ಅಂದಾಜಲ್ಲಿ ಹಾಕ್ಬೇಡಿ. ಊಟ ಬಿಟ್ರೆ ಎರಡು ದಿನ ಪರ್ವಾಗಿಲ್ಲ, ಕುಡಿಯೋದು ಬಿಟ್ರೆ ಪರ್ವಾ ಇದೆ.

ದೊಡ್ಡಪತ್ರೆ ರಸಕ್ಕೆ ಜೇನುತುಪ್ಪ ಸೇರಿಸಿ ನೆಕ್ಕಿಸೋದು ನಮ್ಮಲ್ಲಿ ಮನೆಮನೆ ಮದ್ದು. ಒಂದು ವರ್ಷದೊಳಗೆ ಜೇನುತುಪ್ಪ ಬೇಡ್ವೇ ಬೇಡ, ಅದ್ರಲ್ಲಿರ್ಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡ್ಬಹುದು, ಅದು ನರಗಳಿಗೆ ಅಪಾಯ. ಬಜೆ ತೇಯ್ದು ಹಾಕೋದು, ತೊಟ್ಟಿಲ ಕೆಳಗೆ ಸಾಂಬ್ರಾಣಿ ಹೊಗೆ ಹಾಕೋದು, ಜ್ವರ ಕೆಮ್ಮು ಇರುವಾಗ ಇವೂ ಬೇಡ. ದೃಷ್ಟಿ ತೆಗೀತಾರಾ, ತೆಗೀಲಿ ಬಿಡಿ, ಮೆಣಸಿನಕಾಯಿ ಮಾತ್ರ ಮಗು ಇರೋ ರೂಮಲ್ಲಿ ಸುಡೋದು ಬೇಡ. ಎಲ್ಲದಕ್ಕೂ ಜಗಳ ಆಡಿದ್ರೆ ಮುಖ್ಯವಾದದ್ದಕ್ಕೆ ನಿಮ್ಮ ಮಾತು ನಡೆಯಲ್ಲ.

"ಹಲ್ಲು ಬರ್ತಿರ್ಬೇಕು" ಅನ್ನೋ ಮಾತು ನಮ್ಮನ್ನ ಎರಡು ದಿನ ಹಾಳು ಮಾಡ್ತು. ಹಲ್ಲು ಬರುವಾಗ ಮೈ ಒಂಚೂರು ಬೆಚ್ಚಗಾಗ್ಬಹುದು, 101, 102 ಬರಲ್ಲ, ಬಂದ್ರೆ ಕಾರಣ ಬೇರೆ ಹುಡುಕ್ಬೇಕು.

ದಿನಗಳ ಲೆಕ್ಕ

ಒಂದು, ಎರಡನೇ ದಿನ ಬಹುಪಾಲು ವೈರಲ್ಲೇ, ಮೂಗು ಸೋರೋದು, ಕೆಮ್ಮು ಸೇರ್ಕೊಳ್ಳತ್ತೆ. ವೈರಸ್ ಹೆಸ್ರು ಕೇಳಿ ಬೆಚ್ಚಿ ಬೀಳ್ಬೇಡಿ, 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಸಿಕ್ತು ಅಂತ ಟಿವಿಯೋರು ಎಷ್ಟು ಗಲಾಟೆ ಮಾಡಿದ್ರು ನೆನಪಿದ್ಯಲ್ಲ, ಅದು ಶೀತ ಕೆಮ್ಮು ತರೋ, 2001ರಲ್ಲೇ ಕಂಡುಹಿಡಿದ ವೈರಸ್ಸು. ಇಂಜೆಕ್ಷನ್ ಜ್ವರ ಆದ್ರೆ ಪೆಂಟಾವೇಲೆಂಟ್‌ದು (ಆರು, ಹತ್ತು, ಹದಿನಾಲ್ಕನೇ ವಾರ ಹಾಕೋದು) ಒಂದೆರಡು ದಿನದಲ್ಲಿ ಹೋಗತ್ತೆ, ಒಂಬತ್ತನೇ ತಿಂಗಳ ದಡಾರದ ಲಸಿಕೆದು ಮಾತ್ರ ಒಂದು ವಾರ ಬಿಟ್ಟು ಬರ್ಬಹುದು.

ಮೂರನೇ ದಿನವೂ ಜ್ವರ ಇದ್ರೆ ಮಕ್ಕಳ ಡಾಕ್ಟ್ರಿಗೆ ತೋರಿಸ್ಲೇಬೇಕು, ಮಗು ಆಟ ಆಡ್ತಿದ್ರೂ. ಶೀತ ಇಲ್ಲ, ಕೆಮ್ಮಿಲ್ಲ, ಭೇದಿ ಇಲ್ಲ, ಬರೀ ಜ್ವರ ಅಂದ್ರೆ ಉಚ್ಚೆ ಟೆಸ್ಟ್ ಬಗ್ಗೆ ನೀವೇ ಕೇಳಿ. ಮೂತ್ರದ ಸೋಂಕು ಪುಟ್ಟ ಮಕ್ಕಳಲ್ಲಿ ಕಾರಣ ಕಾಣಿಸ್ದೇ ಇರೋ ಜ್ವರದ ಹಿಂದೆ ಎಷ್ಟೋ ಸಲ ಇರತ್ತೆ, ಉರೀತಿದೆ ಅಂತ ಅದಕ್ಕೆ ಹೇಳೋಕೆ ಬರತ್ತಾ?

ಮೂರ್ನಾಲ್ಕು ದಿನ 103ರಲ್ಲಿ ಕುದ್ದು, ಜ್ವರ ಪೂರ್ತಿ ಬಿಟ್ಟ ದಿನವೇ ಎದೆ ಬೆನ್ನ ಮೇಲೆ ಗುಲಾಬಿ ಗುಳ್ಳೆ ಎದ್ರೆ ಅದು ಬಹುಶಃ ರೋಸಿಯೋಲಾ ಅನ್ನೋ ಪುಟ್ಟ ಮಕ್ಕಳ ವೈರಲ್ ಜ್ವರ, ತಾನಾಗೇ ಹೋಗತ್ತೆ. ಜ್ವರ ಇರುವಾಗ್ಲೇ ಕೆಂಪು ಗುಳ್ಳೆ, ಕಣ್ಣು ಕೆಂಪು, ಮೂಗು ಸೋರೋದು ಬಂದ್ರೆ ದಡಾರ ಇರ್ಬಹುದು, ಅಮ್ಮ ಬಂದಿದೆ ಅಂತ ಬೇವಿನ ಸೊಪ್ಪು ಇಟ್ಟು ಮನೇಲೇ ಕೂರ್ಬೇಡಿ.

ಐದನೇ ದಿನ ಅನ್ನೋದು ಇನ್ನೊಂದು ಗಡಿ. ಐದು ದಿನದ ಜ್ವರದ ಜೊತೆ ಕೀವಿಲ್ಲದ ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಸ್ಟ್ರಾಬೆರಿ ಥರ ನಾಲಿಗೆ, ಊದಿದ ಕೈಕಾಲು, ಮೈ ಮೇಲೆ ದದ್ದು ಇದ್ರಲ್ಲಿ ಕೆಲವು ಇದ್ರೂ ಡಾಕ್ಟ್ರು ಕವಾಸಾಕಿ ಕಾಯಿಲೆನ ಯೋಚಿಸ್ತಾರೆ, ಅದು ಹೃದಯದ ರಕ್ತನಾಳಕ್ಕೆ ತೊಂದ್ರೆ ಮಾಡ್ಬಹುದು, ಚಿಕಿತ್ಸೆ ಹತ್ತು ದಿನದೊಳಗೆ ಶುರುವಾಗ್ಬೇಕು. ಒಂದು ವರ್ಷದೊಳಗಿನ ಮಕ್ಕಳಲ್ಲಿ ಲಕ್ಷಣ ಪೂರ್ತಿ ಕಾಣಿಸದೆಯೂ ಇರತ್ತೆ. ದಿನ ಸರಿಯಾಗಿ ಎಣಿಸಿರ್ಬೇಕು ಅನ್ನೋದು ಇದಕ್ಕೇ. ಇನ್ನು ಜ್ವರ ಒಂದು ದಿನ ಪೂರ್ತಿ ಬಿಟ್ಟು ಮತ್ತೆ ಬಂದ್ರೆ ಹಾಳೇಲಿ ಅದನ್ನೂ ಗುರ್ತು ಮಾಡಿ, ಕಿವಿ ಸೋಂಕೋ ನ್ಯುಮೋನಿಯಾನೋ ಮೇಲೆ ಬಂದಿರ್ಬಹುದು.

ಡೆಂಗ್ಯೂ

ಟ್ಯಾಂಕರ್ ನೀರು ಹಿಡಿದಿಟ್ಟ ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಪಕ್ಕದಲ್ಲಿ ಕಟ್ತಿರೋ ಬಿಲ್ಡಿಂಗು, ನಮ್ಮ ಬೀದಿಗಳಲ್ಲಿ ಈಡಿಸ್ ಸೊಳ್ಳೆಗೆ ಇದಕ್ಕಿಂತ ಇನ್ನೇನ್ ಬೇಕು. ಅದು ಕಚ್ಚೋದು ಹಗಲಲ್ಲಿ, ಆದ್ರಿಂದ ಮಧ್ಯಾಹ್ನ ಮಲಗಿಸುವಾಗ್ಲೂ ಸೊಳ್ಳೆಪರದೆ ಹಾಕಿ. ಮೊದಲ ಐದು ದಿನದೊಳಗೆ ರಕ್ತದಲ್ಲಿ ಡೆಂಗ್ಯೂ ವೈರಸ್‌ನ ಗುರುತು ಹುಡುಕೋ ಎನ್‌ಎಸ್1 ಟೆಸ್ಟು, ಆಮೇಲೆ ಮೈ ಅದ್ರ ವಿರುದ್ಧ ಮಾಡ್ಕೊಂಡ ಪ್ರತಿಕಾಯ ನೋಡೋ ಐಜಿಎಂ ಟೆಸ್ಟು. 2024ರಲ್ಲಿ ಡೆಂಗ್ಯೂ ಜಾಸ್ತಿಯಾದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೂ ಇವುಗಳ ದರ ಕಟ್ಟಿತ್ತು, ಎನ್‌ಎಸ್1ಗೆ 300 ರೂಪಾಯಿ, ಐಜಿಎಂಗೆ 300. ಎಲ್ರೂ ಎಡವೋದು ಎಲ್ಲಿ ಅಂದ್ರೆ, ಡೆಂಗ್ಯೂನಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ ದಿನ. ಜ್ವರ ಹೋಯ್ತು ಅಂತ ನಾವು ನಿಟ್ಟುಸಿರು ಬಿಡ್ತೀವಿ, ಆಗ್ಲೇ ಕೈಕಾಲು ತಣ್ಣಗಾಗೋದು, ಬಿಡದೆ ವಾಂತಿ, ಹೊಟ್ಟೆ ಮುಟ್ಟಿದ್ರೆ ಅಳೋದು, ಒಸಡಲ್ಲಿ ಮೂಗಲ್ಲಿ ರಕ್ತ, ವಿಪರೀತ ಮಂಕು ಬಂದ್ರೆ ಓಡ್ಬೇಕು. ಪ್ಲೇಟ್‌ಲೆಟ್ ನಂಬರೊಂದನ್ನೇ ಹಿಡ್ಕೊಂಡು ಪಪ್ಪಾಯಿ ಎಲೆ ರಸ ಕೂಸಿನ ಬಾಯಿಗೆ ಸುರೀಬೇಡಿ.

ಈಗಲೇ ಹೊರಡಿ ಅನ್ನೋ ಸಂದರ್ಭ

ಎಷ್ಟನೇ ದಿನ, ಎಷ್ಟು ಡಿಗ್ರಿ ಅನ್ನೋದೇ ಬೇಡ ಇವು ಕಂಡ್ರೆ. ಎಬ್ಬಿಸಿದ್ರೂ ಸರಿಯಾಗಿ ಏಳ್ದೆ ಇರೋದು, ಏನ್ ಮಾಡಿದ್ರೂ ಅಳು ನಿಲ್ಲದೆ ಇರೋದು, ನೆತ್ತಿ ಉಬ್ಬಿರೋದು ಅಥವಾ ಗುಳಿ ಬಿದ್ದಿರೋದು, ಆರೆಂಟು ಗಂಟೆಯಿಂದ ಡೈಪರ್ ಒಣಗೇ ಇರೋದು, ತುಟಿ ನೀಲಿ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯೋದು. ಉಸಿರನ್ನ ಮಗು ಮಲಗಿದ್ದಾಗ ಅಂಗಿ ಎತ್ತಿ ಹೊಟ್ಟೆ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಆಮೇಲೆ 40, ಇದಕ್ಕೆ ಮುಟ್ಟಿದ್ರೆ ಅಥವಾ ದಾಟಿದ್ರೆ ವೇಗದ ಉಸಿರು ಅಂತ. ಮೈ ಮೇಲೆ ಕಡುಕೆಂಪು ಚುಕ್ಕೆ ಇದ್ರೆ ಗಾಜಿನ ಲೋಟ ಒತ್ತಿ ನೋಡಿ, ಮಾಯ ಆಗದಿದ್ರೆ ಹೊರಡಿ.

ಫಿಟ್ಸ್ ಬಂದ್ರೆ, ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರದಲ್ಲಿ ಬರ್ಬಹುದು, ನೋಡೋಕೆ ಭಯಂಕರ ಆದ್ರೆ ಹೆಚ್ಚಿನವು ಒಂದೆರಡು ನಿಮಿಷದಲ್ಲಿ ನಿಲ್ಲತ್ತೆ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಹಾಕ್ಬೇಡಿ. ಕೈಗೆ ಬೀಗದ ಕೀ ಕೊಡೋದು, ಈರುಳ್ಳಿ ಮೂಸಿಸೋದು ಇದ್ರಿಂದ ಟೈಮ್ ವೇಸ್ಟ್. ಐದು ನಿಮಿಷ ಆದ್ರೂ ನಿಲ್ಲದಿದ್ರೆ 108. ನಿಂತ್ರೂ ಅವತ್ತೇ ಆಸ್ಪತ್ರೆಗೆ ತೋರಿಸಿ.

ರಾತ್ರಿ ಎಲ್ಲಿಗೆ ಹೋಗೋದು ಅಂತ ಹಗಲಲ್ಲೇ ತೀರ್ಮಾನ ಮಾಡಿಟ್ಕೊಳ್ಳಿ. ಹತ್ರದಲ್ಲಿ ರಾತ್ರಿನೂ ಮಕ್ಕಳ ಡಾಕ್ಟ್ರು ಇರೋ ಎಮರ್ಜೆನ್ಸಿ ಯಾವುದು ಅಂತ ಫೋನ್ ಮಾಡಿ ಕೇಳಿ, ದೊಡ್ಡ ಬೋರ್ಡ್ ಇದ್ದ ಮಾತ್ರಕ್ಕೆ ಇರ್ತಾರೆ ಅಂತಿಲ್ಲ. ಬೆಂಗಳೂರಲ್ಲಿ ಸರ್ಕಾರಿ ಅಂದ್ರೆ ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೆ.ಆರ್. ಮಾರ್ಕೆಟ್ ಹತ್ರ ವಾಣಿವಿಲಾಸ ಆಸ್ಪತ್ರೆ ಇದೆ. ಸಣ್ಣಪುಟ್ಟದ್ದಕ್ಕೆ ಹಗಲಲ್ಲಿ ವಾರ್ಡಿನ "ನಮ್ಮ ಕ್ಲಿನಿಕ್" ಅನ್ನೋ ಸರ್ಕಾರಿ ಕ್ಲಿನಿಕ್. ಹೋಗುವಾಗ ತಾಯಿ ಕಾರ್ಡು, ಹಾಕಿದ ಔಷಧಿಗಳ ಬಾಟಲಿ, ಫ್ರಿಜ್ ಮೇಲಿನ ಹಾಳೆ, ಡೈಪರ್, ಒಂದು ಜೊತೆ ಬಟ್ಟೆ. ಚೀಟಿ ಹುಡುಕ್ತಾ ನಿಲ್ಬೇಡಿ, ಬಾಟಲಿನೇ ಎತ್ಕೊಳ್ಳಿ.

ಟೆಸ್ಟು, ಆಂಟಿಬಯಾಟಿಕ್ಕು

ನಮ್ಮ ಕಥೆ ಮುಗಿಸ್ತೀನಿ. ಎರಡನೇ ದಿನ ಮನೆ ಹತ್ರದ ಒಂದು ಕ್ಲಿನಿಕ್ಕಲ್ಲಿ ನೋಡಿದ ಎರಡೇ ನಿಮಿಷಕ್ಕೆ ಆಂಟಿಬಯಾಟಿಕ್ ಬರ್ದುಕೊಟ್ರು, ಟೆಸ್ಟ್ ಏನಾದ್ರೂ ಬೇಕಾ ಅಂದ್ರೆ ನಕ್ಕರು. ಪುಣ್ಯಕ್ಕೆ ನಾನು ಶುರು ಮಾಡಿರ್ಲಿಲ್ಲ. ಆಮೇಲೆ ತೋರಿಸಿದ ಡಾಕ್ಟ್ರು ಬ್ಲಡ್ ಕೌಂಟು, ಸಿಆರ್‌ಪಿ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ), ಎನ್‌ಎಸ್1, ಯೂರಿನ್ ರೊಟೀನ್, ಯೂರಿನ್ ಕಲ್ಚರ್ (ಉಚ್ಚೆಯಲ್ಲಿರೋ ಬ್ಯಾಕ್ಟೀರಿಯಾ ಲ್ಯಾಬಲ್ಲಿ ಬೆಳೆಸಿ ನೋಡೋದು) ಬರೆದ್ರು. ಆಂಟಿಬಯಾಟಿಕ್ ಒಂದು ಡೋಸ್ ಹೋಗಿದ್ರೂ ಕಲ್ಚರಲ್ಲಿ ಬ್ಯಾಕ್ಟೀರಿಯಾ ಬೆಳೀದೇ ಇರ್ಬಹುದು, ಅದಕ್ಕೆ ಮೊದ್ಲು ಸ್ಯಾಂಪಲ್, ಆಮೇಲೆ ಔಷಧಿ. ಮಗು ತೀರಾ ಸುಸ್ತಾಗಿದ್ರೆ ಅವ್ರು ರಿಪೋರ್ಟಿಗೆ ಕಾಯದೆ ಶುರು ಮಾಡ್ತಾರೆ, ಅದು ಸರಿನೇ. ಉಚ್ಚೆ ಹಿಡಿಯೋದು ಮಾತ್ರ ಒಂದು ತಪಸ್ಸು, ಅಂಟಿಸೋ ಬ್ಯಾಗಿನ ಸ್ಯಾಂಪಲ್ ಕಲ್ಚರಿಗೆ ಸರಿ ಬರಲ್ಲ, ಚರ್ಮದ ಕ್ರಿಮಿ ಸೇರ್ಕೊಳ್ಳತ್ತೆ. ನೀರಲ್ಲಿ ತೊಳ್ದು, ಹಾಲು ಕುಡಿಸಿ, ಸ್ಟೆರೈಲ್ ಡಬ್ಬ ಹಿಡ್ಕೊಂಡು ನಮ್ಮನೆಯವ್ರು ಲ್ಯಾಬ್ ಬೆಂಚ್ ಮೇಲೆ ನಲವತ್ತು ನಿಮಿಷ ಕೂತಿದ್ರು, ಅರ್ಧ ಅವ್ರ ಪ್ಯಾಂಟಿಗೆ ಹೋಯ್ತು, ಅರ್ಧ ಡಬ್ಬಕ್ಕೆ ಬಿತ್ತು. ಅದೂ ಆಗದಿದ್ರೆ ಆಸ್ಪತ್ರೇಲಿ ಸಣ್ಣ ಟ್ಯೂಬ್ ಹಾಕಿ ತೆಗೀತಾರೆ. ಮೊದಲ ವಾರದ ಜ್ವರಕ್ಕೆ ಬರೀ ವೈಡಾಲ್ ಅನ್ನೋ ರಕ್ತ ಪರೀಕ್ಷೆ ಮಾಡಿ ಟೈಫಾಯ್ಡ್ ಅಂದ್ರೆ, ಅಷ್ಟು ಬೇಗ ಅದನ್ನ ನಂಬೋಕಾಗಲ್ಲ, ಬ್ಲಡ್ ಕಲ್ಚರ್ ಬೇಡ್ವಾ ಅಂತ ಕೇಳಿ.

ಎರಡು ದಿನಕ್ಕೆ ಕಲ್ಚರ್ ಬಂತು, ಮೂತ್ರದ ಸೋಂಕು, ಯಾವ ಔಷಧಿಗೆ ಬಗ್ಗತ್ತೆ ಅಂತಾನೂ ಅದ್ರಲ್ಲೇ ಇತ್ತು. ಶುರು ಮಾಡಿ ಒಂದೂವರೆ ದಿನಕ್ಕೆ ಜ್ವರ ನಿಲ್ತು, ಆಮೇಲೆ ಕಿಡ್ನಿ ಸ್ಕ್ಯಾನೂ ಮಾಡ್ಸಿದ್ವಿ, ಸರಿಯಿತ್ತು. ಜ್ವರ ನಿಂತ್ರೂ ಕೋರ್ಸ್ ಪೂರ್ತಿ ಹಾಕ್ಬೇಕು. ಪುಡಿಗೆ ನೀರು ಬೆರೆಸೋ ಸಿರಪ್ ಆದ್ರೆ ಬಾಟಲಿ ಗೆರೆವರ್ಗೂ ಕಾಯಿಸಿ ಆರಿಸಿದ ನೀರು, ಬೆರೆಸಿದ ತಾರೀಕು ಮೇಲೆ ಬರೀರಿ, ಎಷ್ಟು ದಿನ ಇಡ್ಬಹುದು ಅಂತ ಡಬ್ಬದ ಮೇಲಿರತ್ತೆ, ಉಳಿದಿದ್ದನ್ನ ಇಟ್ಕೊಳ್ಳೋ ಹಾಗಿಲ್ಲ. ನಮ್ಮತ್ತೆ ಆ ಬಾಟಲಿನ ಫ್ರಿಜ್ಜಲ್ಲಿ ಉಪ್ಪಿನಕಾಯಿ ಜಾಡಿ ಹಿಂದೆ ಎತ್ತಿಟ್ಟಿದ್ರು, ಮುಂದಿನ ಸಲಕ್ಕೆ ಅಂತ, ಯುಗಾದಿಗೆ ಫ್ರಿಜ್ ಕ್ಲೀನ್ ಮಾಡುವಾಗ ಸಿಕ್ತು.